ಫ್ಯೂಸಿದ್ದೆಡೆಯಲ್ಲಿ ತಂತಿಯನ್ನಿಡಬೇಡಿರಿ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಲಾರಿ ಮಾಲೀಕರೆ, ಚಾಲಕ ಬಂಧುಗಳೆ,

ಕೆಲವು ವರ್ಷಗಳ ಹಿಂದೆ, ಸಾತನೂರಿನ ಕಡೆಯಿಂದ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಗೂಡು ಹೇರಿಕೊಂಡು ಹೊರಟ ಹಳೆಯ ಗಾಡಿಯೊಂದರಲ್ಲಿ, ರಾತ್ರಿಯ ಮೂರನೆಯ ಜಾವದಲ್ಲಿ, ಚಾಲಕನ ಪಕ್ಕದಲ್ಲಿ ಕುಳಿತು ನಾನು ಪ್ರಯಾಣ ಮಾಡುತ್ತಿದ್ದೆನು. ತಿರುವೊಂದರಲ್ಲಿ ಆತನು ಸ್ಟೇರಿಂಗನ್ನು ಎಡಕ್ಕೆ ಹೊರಳಿಸಿದೊಡನೆ ಮುಂದಿನ ದೀಪಗಳೆರಡೂ ನಂದಿಹೋದವು. ಸ್ಟೇರಿಂಗಿನ ಬುಡದಿಂದ ಹೊಗೆಯೆದ್ದಿತು. ಆನೆಗಳು ಸಂಚರಿಸುವ ಆ ಪ್ರದೇಶದ ಗಾಢಾಂಧಕಾರದಲ್ಲಿ ಗಾಡಿಯನ್ನು ಹೇಗೋ ನಿಲ್ಲಿಸಿ, ಬ್ಯಾಟರಿಯ ತಂತಿಯನ್ನು ಬಿಚ್ಚಿ, ಫ್ಯೂಸ್ ಪೆಟ್ಟಿಗೆಯನ್ನು ತೆರೆದು ನೋಡಲಾಗಿ, ಫ್ಯೂಸಿದ್ದೆಡೆಯಲ್ಲಿ ಹೊಸೆದ ತಾಮ್ರದ ತಂತಿಯಿದ್ದಿತು. “ಪದೇ ಪದೇ ಹೋಗ್ತಿತ್ತು ಸ್ವಾಮಿ, ಅದಕ್ಕೇ ತಂತಿ ಹಾಕಿಸ್ಬಿಟ್ಟೆ” ಎಂದನು ಆ ಬಡಪಾಯಿ. ಚಿಟ್ಟೆ ಹೊರಬೀಳುವುದರೊಳಗೆ ಗೂಡು ಮಾರಾಟವಾಗಬೇಕೆಂಬ ಆತುರದಲ್ಲಿದ್ದ ಅವನನ್ನು ದೂಷಿಸಲು ನನಗೆ ಮನಸ್ಸು ಬಾರದು.

ಆದರೆ ಫ್ಯೂಸು ಏಕೆ ಹೋಗುತ್ತಿದ್ದಿತೆಂಬುದನ್ನು ವಿಚಾರಿಸಬೇಕಾಗಿದ್ದಿತು. ದೀಪ, ಡಿಪ್ಪರ್, ಇಂಡಿಕೇಟರ್, ಹಾರನ್ನುಗಳ ತಂತಿಗಳೆಲ್ಲ ಒಂದೇ ಕಟ್ಟಾಗಿ ಸ್ಟೇರಿಂಗ್ ಕಂಬದ ಕವಚದೊಳಗೆ ಇಳಿಯುವುವಷ್ಟೆ. ಇಪ್ಪತ್ತು ಮೂವತ್ತು ವರ್ಷಗಳ ಕಾವಿನಿಂದಲೂ ಕುಲುಕಾಟದಿಂದಲೂ ಅವುಗಳ ಮೇಲ್ಪದರವು ಒಣಗಿ ಬಿರಿದು, ಹಿಡಿದಿದ್ದ ಕ್ಲಿಪ್ಪು ಕಳಚಿಬಿದ್ದರೆ, ತಿರುವಿದಾಗಲೆಲ್ಲ ತಾಮ್ರವು ಕಬ್ಬಿಣದ ಅಂಚಿಗೆ ತಾಗುವುದು. ವಿದ್ಯುತ್ತನ್ನು ತರುವ ತಂತಿ ತಾಗಿದರೆ ಫ್ಯೂಸು ಹೋಗುತ್ತದೆ. ಹಾರನ್ನಿನ ಗುಂಡಿಯೇ ಅರ್ತ್ ಕೊಡುವಂಥ ಗಾಡಿಗಳಲ್ಲಿ, ಗುಂಡಿಗೆ ಹೋಗುವ ತಂತಿ ತಾಗಿದರೆ ಫ್ಯೂಸು ಉಳಿದು, ಒತ್ತದೆಯೇ ಹಾರನ್ನು ಕೂಗುತ್ತದೆ. ಇನ್ನು ದೀಪವು ಮಂಕಾಗಿ ಸ್ವಿಚ್ಚು ಕೈಗೆ ಬಿಸಿ ಹತ್ತಿದರೆ, ಅದು ಸವೆದ ಸಂಪರ್ಕದ ಲಕ್ಷಣ: 10 ಆಂಪಿಯರ್ ಹರಿಯುವಲ್ಲಿ ಕೇವಲ 0.2 ಓಮ್ ತಡೆಯುಂಟಾದರೂ 2 ವೋಲ್ಟ್ ಅಲ್ಲಿಯೇ ನಷ್ಟವಾಗಿ, 20 ವ್ಯಾಟ್ ಶಾಖವು ಆ ಪುಟ್ಟ ಸ್ವಿಚ್ಚನ್ನು ಬೇಯಿಸುವುದು. ಇದಕ್ಕೆ ರಿಲೇ ಹಾಕಿಸುವುದೇ ಸರಿಯಾದ ಚಿಕಿತ್ಸೆ.

ತಾಗುವ ಸ್ಥಳವನ್ನು ಕಂಡುಹಿಡಿಯುವುದೂ ಕಷ್ಟವಲ್ಲ. ಬ್ಯಾಟರಿಯ ತಂತಿ ಬಿಚ್ಚಿದ ಮೇಲೆಯೇ ಕವಚವನ್ನು ತೆಗೆಯತಕ್ಕದ್ದು. ಬಳಿಕ ದೀಪಗಳ ಕನೆಕ್ಟರುಗಳನ್ನು ಬಿಡಿಸಿ, ಫ್ಯೂಸನ್ನು ತೆಗೆದು, ಅದು ಕೂರುವ ಎರಡು ತುದಿಗಳ ನಡುವೆ ಗಾಡಿಯ ವೋಲ್ಟಿಗೆ (12 ಆಗಲಿ, 24 ಆಗಲಿ) ಹೊಂದುವ ಬಲ್ಬೊಂದನ್ನು ಸಿಕ್ಕಿಸಿ, ಬ್ಯಾಟರಿಯನ್ನು ಮತ್ತೆ ಜೋಡಿಸಿ, ಸ್ವಿಚ್ಚು ಹಾಕಿ, ಸ್ಟೇರಿಂಗನ್ನು ಈ ಕೊನೆಯಿಂದ ಆ ಕೊನೆಯವರೆಗೆ ಮೆಲ್ಲನೆ ತಿರುಗಿಸುತ್ತ ತಂತಿಯ ಕಟ್ಟನ್ನು ಅಲುಗಿಸಿ ನೋಡಿರಿ. ಬಲ್ಬು ಯಾವ ಘಳಿಗೆಯಲ್ಲಿ ಝಗ್ಗನೆ ಹೊತ್ತಿಕೊಳ್ಳುವುದೊ, ಆಗ ಕೈಯಿದ್ದೆಡೆಯಲ್ಲಿಯೇ ದೋಷವಿರುವುದು. ಬಲ್ಬೇ ವಿದ್ಯುತ್ತನ್ನು ತಡೆದು ಹಿಡಿಯುವುದರಿಂದ ಏನೂ ಸುಡುವುದಿಲ್ಲ.

ನಮ್ಮ ಪೇಟೆಗಳ ಆಟೋ ಎಲೆಕ್ಟ್ರಿಕಲ್ ಅಂಗಡಿಯ ಮೇಸ್ತ್ರಿಗಳಲ್ಲಿಯೂ ನನ್ನ ಪ್ರಾರ್ಥನೆಯೊಂದಿದೆ: ತಂತಿ ಹಾಕಿಕೊಡೆಂದು ಗಿರಾಕಿ ಎಷ್ಟೇ ಪೀಡಿಸಿದರೂ ಒಪ್ಪಬೇಡಿರಿ. ಕಲ್ಲು ಸಾಗಿಸಲಿ, ಮಾವು ಸಾಗಿಸಲಿ, ಆ ಗಾಡಿಯಲ್ಲಿ ಕ್ಲೀನರ್ ಹುಡುಗನೊಬ್ಬನು ನಿದ್ರಿಸುತ್ತಿರುತ್ತಾನೆ. ಚಾಲಕ ಬಂಧುಗಳೆ, ನಾಳೆ ಗಾಡಿ ಹೊರಡಿಸುವುದಕ್ಕೆ ಮುಂಚೆ, ಫ್ಯೂಸ್ ಪೆಟ್ಟಿಗೆಯ ಮುಚ್ಚಳವನ್ನೊಮ್ಮೆ ತೆರೆದು ನೋಡಿರೆಂದು ಕೈಮುಗಿದು ಬೇಡುತ್ತೇನೆ.