ಯುದ್ಧಕ್ರೀಡೆಗೆ ಮೊದಲ ನಿಯಮಗ್ರಂಥ

ಮೇಜಿನ ಮೇಲೆ ಅಂಗುಲದೆತ್ತರದ ಸೈನಿಕರ ಗೊಂಬೆಗಳನ್ನು ನಿಲ್ಲಿಸಿ, ಅಳತೆಪಟ್ಟಿಯಿಂದ ನಡೆಯನ್ನಳೆದು, ದಾಳದಿಂದ ಜಯಾಪಜಯಗಳನ್ನು ನಿರ್ಣಯಿಸುವ ಆಟವು ಪಾಶ್ಚಾತ್ಯ ದೇಶಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಗತಕಾಲದ ಯುದ್ಧಗಳನ್ನು ಹೀಗೆ ಆಡಿ ನೋಡಿದರೆ ಇತಿಹಾಸದ ಪಾಠಕ್ಕೆ ಜೀವ ಬರುವುದರಲ್ಲಿ ಸಂದೇಹವಿಲ್ಲ. ಆದರೆ ಹೊಸಬನು ಮೊದಲು ಯಾವ ನಿಯಮಗ್ರಂಥವನ್ನು ಕೈಗೆತ್ತಿಕೊಳ್ಳಬೇಕು? ಇಲ್ಲಿ ಎಡವಿದವನು ಗೊಂಬೆಗಳನ್ನು ಪೆಟ್ಟಿಗೆಗೆ ಸೇರಿಸಿ ಸುಮ್ಮನಾಗುತ್ತಾನೆ.

ಗ್ರಂಥ ದಪ್ಪವಾದಷ್ಟೂ ಸತ್ಯ ಹೆಚ್ಚೆಂಬ ಭ್ರಮೆಯೇ ಇದಕ್ಕೆ ಮೂಲ. ಭ್ರಮೆಯೇನೂ ಹೊಸದಲ್ಲ. ಪ್ರಷ್ಯದ ಸೇನಾಧಿಕಾರಿ ರೈಸ್ವಿಟ್ಸ್ 1824ರಲ್ಲಿ ಪ್ರಕಟಿಸಿದ ನಿಯಮಗಳಲ್ಲಿ ನಷ್ಟವನ್ನು ಗಣಿಸಲು ಕೋಷ್ಟಕಗಳೂ ವಿಶೇಷ ದಾಳಗಳೂ ಇದ್ದವು. ಕಾಲಕ್ರಮದಲ್ಲಿ, ಯುದ್ಧವೇ ವೃತ್ತಿಯಾಗಿದ್ದ ಅಧಿಕಾರಿಗಳಿಗೂ ಆ ಗಣಿತ ಭಾರವಾಯಿತು. 1876ರಲ್ಲಿ ವೆರ್ಡಿ ದು ವೆರ್ನ್ವಾ ಅದನ್ನೆಲ್ಲ ಬದಿಗೊತ್ತಿ, ಅನುಭವಿ ಮಧ್ಯಸ್ಥನ ವಿವೇಕಕ್ಕೇ ತೀರ್ಪನ್ನು ಬಿಟ್ಟನು. ಅಂತಹ ಮಧ್ಯಸ್ಥನಿಲ್ಲದ ಹೊಸಬನಿಗಾದರೋ ಲಿಖಿತ ನಿಯಮ ಬೇಕೇ ಬೇಕು, ಅದು ಮಿತವಾಗಿರಬೇಕು.

ಮಿತವಾಗಿದ್ದರೆ ಸಾಕೆ? ಪ್ರಾಚೀನ, ಮಧ್ಯಯುಗದ ಯುದ್ಧಗಳಿಗಾಗಿ 1990ರಲ್ಲಿ ಹೊರಬಂದ ‘ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್’ ಎಂಬುದರಲ್ಲಿ ಪಕ್ಷಕ್ಕೆ 12 ತುಕಡಿಗಳು ಮಾತ್ರ. ದಾಳದಲ್ಲಿ ಬಿದ್ದ ಸಂಖ್ಯೆಯಷ್ಟೇ ನಡೆಗಳು. ಒಂದೇ ಬಿದ್ದರೆ, ಚದುರಿದ ಸೈನ್ಯದ ದಳಪತಿ ಕೈಕಟ್ಟಿ ನಿಲ್ಲಬೇಕಾದುದೇ. ಆಜ್ಞೆ ಎಲ್ಲರನ್ನೂ ಮುಟ್ಟದ ರಣರಂಗದ ಸಂಕಟವನ್ನು ಒಂದು ದಾಳದಿಂದ ತೋರಿಸಿದ ಈ ಯುಕ್ತಿ ಮೆಚ್ಚತಕ್ಕದ್ದು. ಆದರೆ ಶೈಲಿ ಸೂತ್ರಪ್ರಾಯ. ವೃತ್ತಿಯಿಲ್ಲದೆ ವ್ಯಾಕರಣಸೂತ್ರವನ್ನು ಹಿಡಿದು ಕುಳಿತ ಬಾಲಕನ ಪಾಡು ಉಪಾಧ್ಯಾಯರಿಗೆ ತಿಳಿಯದುದೇನಲ್ಲ!

ಆದಕಾರಣ ಆರಂಭಕ್ಕೆ ನೀಲ್ ಥಾಮಸ್ ಅವರ ‘ಒನ್ ಅವರ್ ವಾರ್‌ಗೇಮ್ಸ್’ (2014) ಮೇಲು. ಪಕ್ಷಕ್ಕೆ 6 ತುಕಡಿಗಳು. 9 ಕಾಲಘಟ್ಟಗಳು, 30 ಯುದ್ಧಸನ್ನಿವೇಶಗಳು. ಒಂದೊಂದು ಕಾಲಕ್ಕೂ ನಿಯಮ ಕೆಲವೇ ಪುಟ. ನುರಿತವರಿಗೆ ಇದು ಸಪ್ಪೆ. ಸೈನ್ಯಸೈನ್ಯಗಳ ವೈಶಿಷ್ಟ್ಯ ಇದರಲ್ಲಿ ಮಸುಕಾಗುವುದೆಂಬ ಆಕ್ಷೇಪ ಸುಳ್ಳೂ ಅಲ್ಲ. ಆದರೆ ಗಂಟೆಯೊಂದರಲ್ಲಿ ಆಟ ಮುಗಿಯುವುದರಿಂದ, ಸೋತವನು ಅದೇ ಸಂಜೆ ಪಕ್ಷ ಬದಲಿಸಿ ಮತ್ತೊಮ್ಮೆ ಆಡಬಹುದು. ಸೋಲು ದಾಳದಿಂದ ಬಂದುದೋ ತನ್ನ ಅವಿವೇಕದಿಂದಲೋ ಎಂಬುದು ಆಗ ತಿಳಿಯುತ್ತದೆ. ಆರು ಗಂಟೆ ಹೆಣಗಿ ಅರ್ಧಕ್ಕೆ ನಿಂತ ಆಟದಿಂದ ಅದು ತಿಳಿಯದು. ನೆರೆಯಲ್ಲಿ ಬೇರೊಂದು ಗ್ರಂಥದಂತೆ ಆಡುವ ಗೆಳೆಯನಿದ್ದರೆ ಮಾತ್ರ ಅದನ್ನೇ ಹಿಡಿಯುವುದು ಯುಕ್ತ.

ಗೊಂಬೆಗಳಿಗೆ ಹಣ ಸುರಿಯಲು ಅವಸರ ಬೇಡ. ಹದಿನೈದು ಮಿಲಿಮೀಟರಿನ ಗೊಂಬೆಗಳಿಗೆ ಒಂದು ಗ್ರಂಥ 40 ಮಿಲಿಮೀಟರ್ ಅಗಲದ ಪೀಠವನ್ನು ವಿಧಿಸಿದರೆ, ಮತ್ತೊಂದರ ಅಳತೆಯೇ ಬೇರೆ. ಒಮ್ಮೆ ಅಂಟಿಸಿದುದನ್ನು ಕೀಳುವುದು ಕಷ್ಟ. 12 ರಟ್ಟಿನ ತುಂಡುಗಳನ್ನು ಕತ್ತರಿಸಿ, ಪದಾತಿ, ಅಶ್ವ, ಬಿಲ್ಲುಗಾರ ಎಂದು ಬರೆದು, ಮೊದಲ ನಾಲ್ಕಾರು ಯುದ್ಧಗಳನ್ನು ಅವುಗಳಿಂದಲೇ ಆಡಬಹುದು.