ಕಾಡಿನ ಗುಡಿಸಲು ನಮಗೇಕೆ ಬೇಡ?



ಕಳೆದ ಸರ್ವಸದಸ್ಯರ ಸಭೆಯಲ್ಲಿ ಒಂದು ಪ್ರಸ್ತಾಪವು ಹತ್ತೇ ನಿಮಿಷಗಳಲ್ಲಿ ನಗೆಯಲ್ಲಿ ಮುಳುಗಿಹೋಯಿತು. ಮಿಷಿಗನ್ನಿನ ಉತ್ತರ ಭಾಗದಲ್ಲಿ, ನಮ್ಮಿಂದ ನಾಲ್ಕು ಗಂಟೆಗಳ ಹಾದಿಯಲ್ಲಿ, ಪಾಳುಬಿದ್ದ ಒಂದು ಜಿಂಕೆ ಬೇಟೆಯ ಗುಡಿಸಲು ಸುತ್ತಲಿನ ಹತ್ತು ಎಕರೆ ಕಾಡಿನೊಡನೆ ದೀರ್ಘಾವಧಿಯ ಗೇಣಿಗೆ ದೊರೆಯುವುದಿತ್ತು. ಸಂಘದ ಕುಟುಂಬಗಳು ಕೈಯಾರೆ ಅದನ್ನು ಮತ್ತೆ ಕಟ್ಟಿ, ವಾರಾಂತ್ಯಗಳಲ್ಲಿ ಸರದಿಯಂತೆ ಬಳಸಬೇಕೆಂಬುದು ಪ್ರಸ್ತಾಪ. “ಕೋವಿಯನ್ನೂ ಸಂಘವೇ ಕೊಡಿಸುವುದೋ?” ಎಂದರು ಒಬ್ಬರು. “ಶೌಚಾಲಯ ಎಲ್ಲಿ?” ಎಂದರು ಮತ್ತೊಬ್ಬರು. ಸಭೆ ನಕ್ಕಿತು. ಅಧ್ಯಕ್ಷರು ಮುಂದಿನ ವಿಷಯವಾದ ದೀಪಾವಳಿ ಊಟದ ವ್ಯವಸ್ಥೆಗೆ ಹೊರಳಿದರು.

ಆ ಪ್ರಸ್ತಾಪವನ್ನು ಮಂಡಿಸಿದವನು ನಾನು. ನಕ್ಕವರ ಮೇಲೆ ನನಗೆ ಕೋಪವಿಲ್ಲ. ಆದರೆ ನಗೆಯು ಉತ್ತರವಲ್ಲವೆಂದು ಹೇಳಲೇಬೇಕಾಗಿದೆ. ಅಂದು ಕೇಳಿಬಂದ ಮೂರು ಆಕ್ಷೇಪಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತೇನೆ.

ಮೊದಲನೆಯದು ಹಿಂಸೆಯ ಆಕ್ಷೇಪ. “ಬೇಟೆಗಾರರ ಮನೆ ನಮಗೇಕೆ? ಅದು ನಮ್ಮ ಸಂಸ್ಕೃತಿಯಲ್ಲ.” ನಾನು ಹುಟ್ಟು ಸಸ್ಯಾಹಾರಿ, ಕೋವಿಯನ್ನು ಹಿಡಿದವನಲ್ಲ, ಮುಂದೆಯೂ ಹಿಡಿಯಲಾರೆ. ಆದರೂ ಈ ಮಾತಿನಲ್ಲಿರುವ ಅಪ್ರಾಮಾಣಿಕತೆಯನ್ನು ಕಂಡು ಸುಮ್ಮನಿರಲಾರೆ. ನಮ್ಮ ಬೇಸಗೆಯ ವನಭೋಜನದಲ್ಲಿ ತಟ್ಟೆತಟ್ಟೆಗಳಷ್ಟು ಕೋಳಿ ಖರ್ಚಾಗುತ್ತದೆ. ಆ ಕೋಳಿಯು ಎಂದಾದರೂ ಬಿಸಿಲನ್ನು ಕಂಡಿತ್ತೇ ಎಂದು ಯಾರೂ ಕೇಳುವುದಿಲ್ಲ. ನನ್ನಂತಹ ಸಸ್ಯಾಹಾರಿಯ ಮೊಸರಿನ ಹಿಂದೆಯೂ ಹಾಲು ಬತ್ತಿದ ಹಸುವಿನ ಕೊನೆಯ ಪಯಣವಿದೆ. ಅಂಗಡಿಯ ಪ್ಲಾಸ್ಟಿಕ್ ಹೊದಿಕೆಯೊಳಗಿನ ಸಾವು ಸಭ್ಯ, ಕಾಡಿನಲ್ಲಿ ಕಣ್ಣಾರೆ ಕಂಡ ಸಾವು ಅಸಭ್ಯ ಎಂಬ ನಂಬಿಕೆಯನ್ನು ಅಹಿಂಸೆಯೆಂದು ಕರೆಯಬಾರದು. ಅದು ಕೇವಲ ದೂರ.

ಇನ್ನು ಈ ನೆಲದ ಸ್ಥಿತಿಯನ್ನು ನೋಡಿ. ಇಲ್ಲಿ ಜಿಂಕೆಗಳನ್ನು ಹತೋಟಿಯಲ್ಲಿಡುತ್ತಿದ್ದ ತೋಳಗಳನ್ನು ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲೇ ಮನುಷ್ಯರು ಈ ರಾಜ್ಯದ ದಕ್ಷಿಣ ಭಾಗದಿಂದ ನಿರ್ಮೂಲ ಮಾಡಿದರು. ಮಿತಿಮೀರಿದ ಜಿಂಕೆಗಳು ಎಳೆಯ ಸೀಡರ್, ಹೆಮ್ಲಾಕ್ ಸಸಿಗಳನ್ನು ಮೇಯುವುದರಿಂದ ಕಾಡು ಮರಿಹಾಕುವುದನ್ನೇ ನಿಲ್ಲಿಸುತ್ತದೆ. ಮಿಷಿಗನ್ನಿನ ರಸ್ತೆಗಳಲ್ಲಿ ಪ್ರತಿವರ್ಷ ವಾಹನಗಳು ಜಿಂಕೆಗಳಿಗೆ ಡಿಕ್ಕಿ ಹೊಡೆಯುವ ಪ್ರಕರಣಗಳು ಐವತ್ತು ಸಾವಿರವನ್ನು ಮೀರುತ್ತವೆ. ನವೆಂಬರ್ 15ರಿಂದ 30ರವರೆಗಿನ ಬಂದೂಕಿನ ಬೇಟೆಯ ಋತುವು ಪರವಾನಗಿ, ಮಿತಿ, ಕಿತ್ತಳೆ ಬಣ್ಣದ ಅಂಗಿ ಎಂಬ ಕಟ್ಟುಪಾಡುಗಳೊಳಗೆ ನಡೆಯುವ ವ್ಯವಸ್ಥೆ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯಿದೆಯ ಪ್ರಕಾರ ಬಂದೂಕು ಮತ್ತು ಮದ್ದುಗುಂಡುಗಳ ಮೇಲಿನ ಸುಂಕವು ವನ್ಯಜೀವಿ ಸಂರಕ್ಷಣೆಗೆಂದು ರಾಜ್ಯಗಳಿಗೆ ಹೋಗುತ್ತದೆ. ನಾವು ಫೋಟೋ ತೆಗೆಯಲು ಹೋಗುವ ಎಷ್ಟೋ ಅರಣ್ಯಭೂಮಿಗಳ ಪೋಷಣೆಯಲ್ಲಿ ನಾವು ಹೀಗಳೆಯುವ ಬೇಟೆಗಾರನ ಹಣವಿದೆ.

ಊರಿನ ಸ್ಥಿತಿಯೇ ಬೇರೆ. ಅಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯನ್ನು ನಿಷೇಧಿಸಿದ್ದು ಸರಿಯಾದುದೇ. ಇಲ್ಲಿಯದನ್ನು ಅಲ್ಲಿಗೆ ಒಯ್ಯಬೇಕೆಂದು ನಾನು ಹೇಳುತ್ತಿಲ್ಲ. ಆದರೆ “ನಮ್ಮ ಸಂಸ್ಕೃತಿಯಲ್ಲ” ಎಂಬ ಮಾತನ್ನು ಕೊಡಗಿನವರೆದುರು ಆಡಿ ನೋಡಿ. ಕೈಲ್ ಪೊಳ್ದ್ ಹಬ್ಬದಂದು ಅವರು ಕೋವಿಗೆ ಹೂವಿಟ್ಟು ಪೂಜಿಸುತ್ತಾರೆ. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ನರ ಬೇಟೆಯ ಕಥೆಗಳು ನಮ್ಮ ಸಂಘದ ಪುಸ್ತಕದ ಕಪಾಟಿನಲ್ಲಿ ಪುಟ ಹರಿದುಹೋಗುವಷ್ಟು ಓದಿಸಿಕೊಂಡಿವೆ. ಓದುವಾಗ ರೋಮಾಂಚನ, ನೆರೆಯವನು ಕಾಡಿಗೆ ಹೊರಟಾಗ ಮೂಗುಮುರಿಯುವಿಕೆ! ಇದೆಂತಹ ನ್ಯಾಯ?

ಎರಡನೆಯದು ಅಪಾಯದ ಆಕ್ಷೇಪ. ವೈದ್ಯನಾದ ನಾನು ಇದನ್ನು ಹಗುರವಾಗಿ ಕಾಣಲಾರೆ. ಉಣ್ಣೆಹುಳುವಿನಿಂದ ಲೈಮ್ ರೋಗ ಬರುತ್ತದೆ, ನಿಜ. ಆದರೆ ಮಲೆನಾಡಿನವರಿಗೆ ಉಣ್ಣೆ ಹೊಸತೇ? 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆಯು ಗುರುತಿಸಲ್ಪಟ್ಟಿತು. ಅದೂ ಉಣ್ಣೆಯಿಂದಲೇ ಹರಡುವಂಥದು. ಹಾಗೆಂದು ಯಾರೂ ಮಲೆನಾಡನ್ನು ತೊರೆಯಲಿಲ್ಲ. ಲೈಮ್ ರೋಗಾಣು ದೇಹಕ್ಕೆ ದಾಟಲು ಉಣ್ಣೆಯು ಸಾಮಾನ್ಯವಾಗಿ 24 ಗಂಟೆಗಳಿಗಿಂತ ಹೆಚ್ಚು ಕಾಲ ಕಚ್ಚಿಕೊಂಡಿರಬೇಕು. ಸಂಜೆ ಮೈಯನ್ನೆಲ್ಲ ಪರೀಕ್ಷಿಸಿ, ಕಂಡ ಉಣ್ಣೆಯನ್ನು ಚಿಮುಟದಿಂದ ಕಿತ್ತೆಸೆಯುವ ತಾಯಿಯು ಅಪಾಯದ ಬಹುಪಾಲನ್ನು ಕಿತ್ತೆಸೆದಂತೆಯೇ. ಸೌದೆಯ ಒಲೆಯಿರುವ ಗುಡಿಸಲಿನಲ್ಲಿ ನಾನು ಹೆಚ್ಚು ಹೆದರುವುದು ಕಾರ್ಬನ್ ಮೊನಾಕ್ಸೈಡಿಗೆ. ಅದಕ್ಕೆ ವಾಸನೆಯಿಲ್ಲ, ಮುನ್ಸೂಚನೆಯಿಲ್ಲ. ಶುಚಿಯಾದ ಹೊಗೆಕೊಳವೆಯೂ ಬ್ಯಾಟರಿಯ ಎಚ್ಚರಿಕೆ ಗಂಟೆಯೂ ಇಲ್ಲದೆ ಅಲ್ಲಿ ಒಂದು ರಾತ್ರಿಯೂ ಯಾರೂ ಮಲಗಕೂಡದು.

ಈಗ ಮತ್ತೊಂದು ಅಪಾಯವನ್ನು ನೋಡೋಣ. ಅದು ಸಭೆಯಲ್ಲಿ ಯಾರ ಬಾಯಿಂದಲೂ ಬರಲಿಲ್ಲ. ಸಂಘದ ಆರೋಗ್ಯ ಶಿಬಿರಗಳಲ್ಲಿ ನಾನು ವರ್ಷಗಳಿಂದ ನಿಮ್ಮ ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಅಳೆಯುತ್ತ ಬಂದಿದ್ದೇನೆ. ನಮ್ಮ ಜನಕ್ಕೆ ಮಧುಮೇಹವು ಬೇಗನೆ, ಕಡಿಮೆ ತೂಕದಲ್ಲೇ ಬರುತ್ತದೆ. ಆದ್ದರಿಂದಲೇ ಇಲ್ಲಿ ಏಷ್ಯಾ ಮೂಲದವರಿಗೆ ದೇಹತೂಕದ ಸೂಚ್ಯಂಕ 23ನ್ನು ಮುಟ್ಟಿದೊಡನೆ ತಪಾಸಣೆಗೆ ಸಲಹೆಯಿದೆ. ಹೊರಗಿನ ಬೆಳಕಿನಲ್ಲಿ ಹೆಚ್ಚು ಹೊತ್ತು ಕಳೆಯುವ ಮಕ್ಕಳಲ್ಲಿ ಸಮೀಪದೃಷ್ಟಿ ಕಡಿಮೆಯೆಂಬುದು ಸಿದ್ಧವಾದ ಸಂಗತಿ. ನಮ್ಮ ಕನ್ನಡ ಶಾಲೆಯ ಯಾವ ತರಗತಿಯಲ್ಲಾದರೂ ಕನ್ನಡಕಗಳನ್ನು ಎಣಿಸಿ ನೋಡಿ. ಕಾಡಿನ ಗುಡಿಸಲು ಸರ್ವರೋಗ ಪರಿಹಾರವೆಂದು ನಾನು ಮಾರುತ್ತಿಲ್ಲ. ಚಳಿಗಾಲದಲ್ಲಿ ಈ ಅಕ್ಷಾಂಶದ ಸೂರ್ಯ ನಮಗೆ ವಿಟಮಿನ್ ಡಿಯನ್ನು ಹೆಚ್ಚೂಕಡಮೆ ಕೊಡುವುದೇ ಇಲ್ಲ. ಅದಕ್ಕೆ ಮಾತ್ರೆಯೇ ಗತಿ. ಆದರೆ ಸೌದೆ ಒಡೆಯುವ, ನೀರು ಹೊರುವ, ಗುಡ್ಡ ಹತ್ತುವ ಎರಡು ದಿನಗಳಿಗೆ ಯಾವ ಮಾತ್ರೆಯೂ ಸಮನಲ್ಲ. ಉಣ್ಣೆಗೆ ಹೆದರಿ ಸೋಫಾಕ್ಕೆ ಶರಣಾಗುವವನು ಸಣ್ಣ ಅಪಾಯವನ್ನು ಕೊಟ್ಟು ದೊಡ್ಡ ಅಪಾಯವನ್ನು ಕೊಂಡವನು.

ಮೂರನೆಯದು ಅನುಕೂಲದ ಆಕ್ಷೇಪ, ಮೂರರಲ್ಲಿ ಅತ್ಯಂತ ಪ್ರಬಲವಾದದ್ದು. “ಬೇಕಾದರೆ ಸರೋವರದ ದಂಡೆಯಲ್ಲಿ ಬಿಸಿನೀರಿನ ತೊಟ್ಟಿಯಿರುವ ಒಳ್ಳೆಯ ಮನೆಯನ್ನೇ ಬಾಡಿಗೆಗೆ ಹಿಡಿಯೋಣ.” ಹಿಡಿದಿದ್ದೇವೆ. ಅಲ್ಲಿ ನಡೆದದ್ದೇನು? ಮಕ್ಕಳು ವೈ-ಫೈ ಗುಪ್ತಪದವನ್ನು ಕೇಳಿದರು, ಗಂಡಸರು ಇಸ್ಪೀಟಾಡಿದರು, ಹೆಂಗಸರು ಮನೆಯಲ್ಲಿ ಮಾಡುವ ಅಡುಗೆಯನ್ನೇ ಅಪರಿಚಿತ ಒಲೆಯ ಮೇಲೆ ಮಾಡಿದರು. ಮರಗಳು ಕಿಟಕಿಯಾಚೆ ಚಿತ್ರಪಟದಂತೆ ನಿಂತಿದ್ದವು.

ಕಟ್ಟುವುದು ಬೇರೆ, ಬಾಡಿಗೆ ಬೇರೆ. ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಎರಡು ವರ್ಷಗಳ ಹಿಂದೆ ನಮ್ಮ ಬೀದಿಯ ನಿವೃತ್ತ ಬಡಗಿಯೊಬ್ಬರು, ಬೆನ್ನುನೋವಿನಿಂದಾಗಿ ತಮ್ಮ ಬೇಟೆಯ ಗುಡಿಸಲನ್ನು ಒಬ್ಬರೇ ದುರಸ್ತಿ ಮಾಡಲಾಗದೆ, ನಮ್ಮ ಕುಟುಂಬವನ್ನು ನೆರವಿಗೆ ಕರೆದರು. ಹನ್ನೆರಡು ಅಡಿ ಅಗಲ, ಹದಿನಾರು ಅಡಿ ಉದ್ದದ ಒಂದೇ ಕೋಣೆ. ಈ ಪ್ರಾಂತದಲ್ಲಿ ನೆಲವು ಹೆಪ್ಪುಗಟ್ಟಿ ಮೇಲೆದ್ದು ಕಟ್ಟಡವನ್ನು ಒಡೆಯುವುದರಿಂದ ಕಂಬದ ಗುಂಡಿಯನ್ನು 42 ಅಂಗುಲ ತೋಡಬೇಕು. ಮೊದಲ ಗುಂಡಿಯನ್ನು ತೋಡುವಷ್ಟರಲ್ಲಿ ನನ್ನ ಅಂಗೈಯಲ್ಲಿ ಬೊಕ್ಕೆಗಳೆದ್ದವು. ಎರಡನೆಯದನ್ನು ನನ್ನ ಹದಿಮೂರರ ಮಗಳು ತೋಡಿದಳು. ಕೊಳೆತ ತೊಲೆಗಳನ್ನು ತೆಗೆದು ಸೀಡರ್ ತೊಲೆಗಳನ್ನು ಕೂರಿಸಿದೆವು, ಸಂದುಗಳನ್ನು ಮುಚ್ಚಿದೆವು, ಮಾಡಿಗೆ ತಗಡು ಹೊದಿಸಿದೆವು. ಐದು ವಾರಾಂತ್ಯಗಳು ಹಿಡಿದವು.

ಅಲ್ಲಿ ಫೋನಿಗೆ ಸಂಕೇತ ಸಿಗುತ್ತಿರಲಿಲ್ಲ. ಒಂದು ಸಂಜೆ ಮಗಳು ಒಲೆಯೊಳಗೆ ನೋಡುತ್ತ, “ಅಪ್ಪ, ಬೆಂಕಿ ಇಲ್ಲ, ಆದರೂ ಕೆಂಪಗಿದೆಯಲ್ಲ, ಅದಕ್ಕೇನೆನ್ನುತ್ತಾರೆ?” ಎಂದು ಕೇಳಿದಳು. “ಕೆಂಡ” ಎಂದೆ. ಆರು ವರ್ಷ ಕನ್ನಡ ಶಾಲೆಗೆ ಹೋದ ಹುಡುಗಿ. ಅವಳಿಗೆ ಬೆಂಕಿ ಗೊತ್ತು. ಕೆಂಡ, ಕೊಳ್ಳಿ, ಇದ್ದಿಲು, ಬೂದಿ ಗೊತ್ತಿಲ್ಲ. ಹೇಗೆ ಗೊತ್ತಾಗಬೇಕು? ಅವಳು ಕಂಡ ಒಲೆಯಲ್ಲಿ ಗಾಜಿನ ತಟ್ಟೆಯೊಂದು ಕೆಂಪಾಗಿ ಮತ್ತೆ ಕಪ್ಪಾಗುತ್ತದೆ, ಅಷ್ಟೇ. ಮರುದಿನ ಪಟ್ಟಣಕ್ಕೆ ಬಂದಾಗ ಸಾಗರದ ಬಳಿಯಿರುವ ನನ್ನ ತಂದೆಗೆ ಅವಳೇ ಕರೆಮಾಡಿ, ತಾನು ತೆಗೆದ ಚಿತ್ರಗಳನ್ನು ತೋರಿಸಿದಳು. ಉಳಿ, ಬಾಚಿ, ಗರಗಸ, ಜಂತಿ, ಸೂರು ಎಂದು ಅವರು ಒಂದೊಂದನ್ನೂ ಹೆಸರಿಸಿದರು. ಹಂದಿ ಕಾಯಲು ಗದ್ದೆಯ ಬದುವಿನಲ್ಲಿ ತಾವು ಕಟ್ಟುತ್ತಿದ್ದ ಮಾಳದ ಕಥೆಯನ್ನು ಹೇಳಿದರು. ಆ ಮಾಳದಲ್ಲಿ ಎಂಟರ ಹುಡುಗನಾಗಿ ನಾನೂ ರಾತ್ರಿಗಳನ್ನು ಕಳೆದಿದ್ದೆ. ಅದನ್ನು ಮಗಳಿಗೆ ಹೇಳಬೇಕೆಂದು ಹದಿಮೂರು ವರ್ಷಗಳಲ್ಲಿ ನನಗೊಮ್ಮೆಯೂ ತೋರಿರಲಿಲ್ಲ. ಪ್ರತಿ ಭಾನುವಾರ ಎರಡು ನಿಮಿಷಗಳಲ್ಲಿ ಮುಗಿಯುತ್ತಿದ್ದ ತಾತ-ಮೊಮ್ಮಗಳ ಮಾತು ಅಂದು ಮುಕ್ಕಾಲು ಗಂಟೆ ನಡೆಯಿತು.

ಬಂಧುಗಳೇ, ಕನ್ನಡವು ಬರಿಯ ಅಕ್ಷರಮಾಲೆಯಲ್ಲ, ರಾಜ್ಯೋತ್ಸವದ ಬಾವುಟವೂ ಅಲ್ಲ. ಅದು ಒಲೆ, ಮಣ್ಣು, ಮರ, ಮಳೆಗಳ ನಡುವೆ ಬೆಳೆದ ನುಡಿ. ವಸ್ತುವನ್ನು ಕಳೆದುಕೊಂಡ ಪದವು ಕಂಠಪಾಠವಾಗಿ ಉಳಿಯುತ್ತದೆ, ಪರೀಕ್ಷೆ ಮುಗಿದೊಡನೆ ಅಳಿಯುತ್ತದೆ. ಸೀಡರ್ ಮರ ನಮ್ಮದಲ್ಲದಿರಬಹುದು. ಅದನ್ನು ಕೊರೆಯುವ ಉಳಿ ನಮ್ಮದೇ.

ಕುಟುಂಬವೊಂದು ಪಾಳು ಗುಡಿಸಲಿನಿಂದ ಏನಾಗಬಹುದೆಂಬುದಕ್ಕೆ ಈ ದೇಶದಲ್ಲೇ ನಿದರ್ಶನವಿದೆ. ಆಲ್ಡೋ ಲಿಯೋಪೋಲ್ಡ್ ಎಂಬ ಪ್ರಾಧ್ಯಾಪಕರು, ತಾವೇ ಬೇಟೆಗಾರರು, 1935ರಲ್ಲಿ ವಿಸ್ಕಾನ್ಸಿನ್ನಿನ ಬಾರಾಬೂ ಬಳಿ ಸಾರಗೆಟ್ಟ ಹೊಲವೊಂದನ್ನು ಕೊಂಡರು. ಅಲ್ಲಿ ಉಳಿದಿದ್ದದ್ದು ಒಂದು ಕೋಳಿಗೂಡು. ಹೆಂಡತಿ ಮತ್ತು ಐವರು ಮಕ್ಕಳೊಡನೆ ಅದನ್ನೇ ಗುಡಿಸಲಾಗಿಸಿ, ವಾರಾಂತ್ಯಗಳಲ್ಲಿ ತಂಗಿ, ಸಾವಿರಾರು ಪೈನ್ ಸಸಿಗಳನ್ನು ನೆಟ್ಟರು. 1948ರಲ್ಲಿ ನೆರೆಯವರ ಹೊಲದ ಬೆಂಕಿಯನ್ನು ಆರಿಸಲು ಹೋಗಿ ಹೃದಯಾಘಾತದಿಂದ ತೀರಿಕೊಂಡರು. ಮರುವರ್ಷ ಪ್ರಕಟವಾದ ಅವರ ‘ಎ ಸ್ಯಾಂಡ್ ಕೌಂಟಿ ಅಲ್ಮನಾಕ್’ ಪರಿಸರ ಚಿಂತನೆಯ ದಿಕ್ಕನ್ನೇ ಬದಲಿಸಿತು. ಆ ಐವರು ಮಕ್ಕಳಲ್ಲಿ ಮೂವರು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಚುನಾಯಿತರಾದರು. ಮಕ್ಕಳನ್ನು ಒಂದು ತರಬೇತಿಯಿಂದ ಇನ್ನೊಂದಕ್ಕೆ ಕಾರಿನಲ್ಲಿ ಸಾಗಿಸುವ ನಾವು ಈ ಒಂದು ಸಂಗತಿಯನ್ನಾದರೂ ಗಮನಿಸಬೇಡವೇ?

ಆದ್ದರಿಂದ ಮುಂದಿನ ಸಭೆಯಲ್ಲಿ ಈ ಪ್ರಸ್ತಾಪವನ್ನು ಮತ್ತೆ ಮಂಡಿಸುತ್ತೇನೆ, ಕೆಲವು ಷರತ್ತುಗಳೊಡನೆ. ಗುಡಿಸಲಿನಲ್ಲಿ ಸಂಘವು ಯಾವ ಆಯುಧವನ್ನೂ ಇರಿಸಕೂಡದು. ನವೆಂಬರಿನ ಎರಡು ವಾರಗಳನ್ನು ಸ್ಥಳೀಯ ಬೇಟೆಗಾರರಿಗೆ ಬಿಟ್ಟುಕೊಡೋಣ. ಅವರು ನಮಗೆ ಕಟ್ಟಡದ ವಿದ್ಯೆಯನ್ನು ಕಲಿಸಲಿ, ನಾವು ಅವರಿಗೆ ಬಿಸಿಬೇಳೆಬಾತ್ ಬಡಿಸೋಣ. ಪರವಾನಗಿ, ಹೊಗೆಕೊಳವೆ, ಎಚ್ಚರಿಕೆ ಗಂಟೆ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗಳ ಹೊಣೆ ನನ್ನದು. ಬಿಸಿನೀರಿನ ತೊಟ್ಟಿ ಬೇಡ, ವೈ-ಫೈ ಬೇಡ. ಶೌಚಾಲಯದ ಗುಂಡಿಯನ್ನು, ಅಂದು ನಕ್ಕವರು ಸಮ್ಮತಿಸಿದರೆ, ಅವರೊಡನೆ ನಿಂತು ನಾನೇ ತೋಡುತ್ತೇನೆ.

ವಿರೋಧಿಸುವವರು ಧಾರಾಳವಾಗಿ ವಿರೋಧಿಸಲಿ. ಆದರೆ ಕಾರಣ ಕೊಟ್ಟು ವಿರೋಧಿಸಲಿ. ಸಭೆಗೆ ಬರುವ ಮುನ್ನ ನಿಮ್ಮ ಮಗುವನ್ನು ಒಂದೇ ಪ್ರಶ್ನೆ ಕೇಳಿ ಬನ್ನಿ: ಕೆಂಡವೆಂದರೇನು? ಉತ್ತರ ಬಂದರೆ ನನ್ನ ಪ್ರಸ್ತಾಪವನ್ನು ಸೋಲಿಸಿ. ಬಾರದಿದ್ದರೆ, ಒಂದು ಗುದ್ದಲಿಯನ್ನು ಹಿಡಿದುಕೊಂಡು ಬನ್ನಿ.