ಮೊದಲು ನೀರು, ಆಮೇಲೆ ಮೀನು

ಬೇಸಿಗೆ ರಜೆಯ ಮೊದಲ ಭಾನುವಾರ. ಮಗನ ಹಠಕ್ಕೆ ಮಣಿದ ಅಪ್ಪ ಒಂದು ದುಂಡನೆಯ ಗಾಜಿನ ಬೋಗುಣಿ, ಒಂದಿಷ್ಟು ಬಣ್ಣದ ಹರಳು, ಪ್ಲಾಸ್ಟಿಕ್ ಚೀಲದಲ್ಲಿ ಎರಡು ಗೋಲ್ಡ್‌ಫಿಷ್ ಕೊಂಡು ಮನೆಗೆ ಬರುತ್ತಾರೆ. ಬೋಗುಣಿ ಟಿ.ವಿ. ಪಕ್ಕದಲ್ಲಿ ಕೂರುತ್ತದೆ. ನಲ್ಲಿ ನೀರು ತುಂಬಿ ಮೀನು ಬಿಟ್ಟದ್ದೂ ಆಯಿತು. ಮನೆಗೆ ಬಂದವರೆಲ್ಲ ಒಂದೊಂದು ಚಿಟಿಕೆ ಆಹಾರ ಉದುರಿಸುತ್ತಾರೆ. ಮೂರನೆಯ ದಿನ ನೀರು ಹಾಲು ಬೆರೆಸಿದಂತೆ ಮಸುಕಾಗುತ್ತದೆ. ಐದನೆಯ ದಿನ ಬೆಳಿಗ್ಗೆ ಒಂದು ಮೀನು ಹೊಟ್ಟೆ ಮೇಲಾಗಿ ತೇಲುತ್ತಿರುತ್ತದೆ. ಅಮ್ಮ ಅಷ್ಟೂ ನೀರು ಚೆಲ್ಲಿ, ಬೋಗುಣಿಯನ್ನು ಸೋಪು ಹಾಕಿ ತಿಕ್ಕಿ, ಹೊಸ ನೀರು ತುಂಬುತ್ತಾರೆ. ಮಾರನೆಯ ದಿನ ಇನ್ನೊಂದೂ ಹೋಗುತ್ತದೆ.

‘ಅಪ್ಪಾ, ನಾನೇ ಸಾಯಿಸಿಬಿಟ್ಟೆನಾ?’ ಎನ್ನುತ್ತಾನೆ ಹುಡುಗ. ‘ಅಂಗಡಿಯವನೇ ಕಾಯಿಲೆ ಮೀನು ಕೊಟ್ಟಿದ್ದ, ಬಿಡು ಮರಿ’ ಎಂದು ಅಪ್ಪ ಸಮಾಧಾನ ಹೇಳುತ್ತಾರೆ.

ಎಷ್ಟೋ ಮನೆಗಳಲ್ಲಿ ನಡೆಯುವ ಕಥೆ ಇದು. ಅಂಗಡಿಯವನ ತಪ್ಪು ಇದರಲ್ಲಿ ಇಲ್ಲದೆಯೂ ಇರಬಹುದು. ಹೊಸ ತೊಟ್ಟಿಯಲ್ಲಿ ಮೀನು ಸಾಯುವುದು ಬಹುಮಟ್ಟಿಗೆ ತನ್ನದೇ ವಿಸರ್ಜನೆಯಿಂದ.

ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯವನ್ನು ಹೊರಹಾಕುತ್ತಲೇ ಇರುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಅಮೋನಿಯವೇ. ಕೆರೆಯಲ್ಲಿ ಇದು ಅಪಾರ ನೀರಿನಲ್ಲಿ ಕರಗಿಹೋಗುತ್ತದೆ. ಮೂರು ಲೀಟರಿನ ಬೋಗುಣಿಯಲ್ಲಿ ಎಲ್ಲಿಗೆ ಹೋಗಬೇಕು? ಅಲ್ಲೇ ಉಳಿದು ಅದೇ ಕಿವಿರುಗಳನ್ನು ಸುಡುತ್ತದೆ. ನೀರು ಕನ್ನಡಿಯಂತೆ ತಿಳಿಯಾಗಿದ್ದರೂ ಅದರಲ್ಲಿ ವಿಷ ಇರಬಹುದು, ಕಣ್ಣಿಗೆ ಕಾಣುವುದಿಲ್ಲ.

ಹಳೆಯ ತೊಟ್ಟಿಗಳಲ್ಲಿ ಹೀಗಾಗದಿರಲು ಕಾರಣ ಬ್ಯಾಕ್ಟೀರಿಯ. ಒಂದು ಗುಂಪು ಅಮೋನಿಯವನ್ನು ನೈಟ್ರೈಟ್ ಆಗಿ ಬದಲಿಸುತ್ತದೆ. ನೈಟ್ರೈಟ್ ಕೂಡ ವಿಷವೇ, ರಕ್ತಕ್ಕೆ ಸೇರಿ ಆಮ್ಲಜನಕ ಸಾಗಿಸದಂತೆ ತಡೆಯುತ್ತದೆ. ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ತೀರಾ ಹೆಚ್ಚಾಗದಿದ್ದರೆ ಮೀನು ತಾಳಿಕೊಳ್ಳುತ್ತದೆ, ಗಿಡಗಳಿಗಂತೂ ಅದು ಗೊಬ್ಬರ. ಎರಡನೆಯ ಕೆಲಸ ಮಾಡುವುದು ನೈಟ್ರೊಬ್ಯಾಕ್ಟರ್ ಎಂದು ಬಹುಕಾಲ ನಂಬಲಾಗಿತ್ತು. ಅಕ್ವೇರಿಯಂಗಳಲ್ಲಿ ಆ ಕೆಲಸ ನೈಟ್ರೊಸ್ಪೈರ ಎಂಬುದರದ್ದು ಎಂದು 1998ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಹೆಸರು ಯಾವುದಾದರೇನು, ಇವು ಹೊಸ ತೊಟ್ಟಿಯಲ್ಲಿ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಹುಡುಗನ ಮೀನಿಗೆ ಸಿಕ್ಕಿದ್ದು ಐದೇ ದಿನ.

1850ರಲ್ಲಿ ಲಂಡನ್ನಿನ ರಸಾಯನ ವಿಜ್ಞಾನಿ ರಾಬರ್ಟ್ ವಾರಿಂಗ್ಟನ್, ಗಾಜಿನ ಪಾತ್ರೆಯಲ್ಲಿ ಎರಡು ಗೋಲ್ಡ್‌ಫಿಷ್ ಜೊತೆ ವ್ಯಾಲಿಸ್ನೇರಿಯ ಗಿಡ ನೆಟ್ಟು, ಕೊಳೆತ ಎಲೆ ತಿನ್ನಲು ಬಸವನಹುಳು ಬಿಟ್ಟು, ಮೀನುಗಳನ್ನು ಬದುಕಿಸಿಕೊಂಡ ವರದಿ ಪ್ರಕಟಿಸಿದ. ಯಶಸ್ಸಿಗೆ ಗಿಡ ಕೊಡುವ ಆಮ್ಲಜನಕವೇ ಕಾರಣವೆಂಬುದು ಅವನ ವಿವರಣೆ. ಅಮೋನಿಯ ತಿನ್ನುವ ಜೀವಿಗಳನ್ನು ವಿನೊಗ್ರಾಡ್‌ಸ್ಕಿ ಬೇರ್ಪಡಿಸಿ ತೋರಿಸಿದ್ದು ಸುಮಾರು ನಲವತ್ತು ವರ್ಷಗಳ ನಂತರ.

ಹಾಗಾದರೆ ಹುಡುಗ ಮತ್ತೆ ಶುರು ಮಾಡುವುದು ಹೇಗೆ? ಬೋಗುಣಿಯನ್ನು ಅಟ್ಟಕ್ಕೆ ಹಾಕುವುದರಿಂದ. ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ಸುಮಾರು 56 ಲೀಟರ್ ಹಿಡಿಯುತ್ತದೆ. ಚಿಕ್ಕದಾದಷ್ಟೂ ಸುಲಭ ಎಂಬುದು ತಪ್ಪು ಲೆಕ್ಕ. ನೀರು ಹೆಚ್ಚಿದ್ದಷ್ಟೂ ತಪ್ಪುಗಳನ್ನು ಅದು ತಡೆದುಕೊಳ್ಳುತ್ತದೆ. ನೀರು, ಹರಳು, ಗಾಜು ಎಲ್ಲ ಸೇರಿ ಎಪ್ಪತ್ತು ಕಿಲೋ ಮೀರುವುದರಿಂದ ಗಟ್ಟಿಯಾದ ಸಮತಟ್ಟು ಮೇಜು ಬೇಕು, ಕೆಳಗೊಂದು ಥರ್ಮೋಕೋಲ್ ಹಾಳೆ. ಬಿಸಿಲು ಬೀಳುವ ಕಿಟಕಿ ಬಳಿ ಇಟ್ಟರೆ ಪಾಚಿ ತಪ್ಪದು.

ಕ್ಲೋರಿನ್ ಹಾಕಿದ ನಲ್ಲಿ ನೀರನ್ನು ಬಕೆಟ್ಟಿನಲ್ಲಿ ಒಂದು ದಿನ ತೆರೆದಿಡಬೇಕು, ಇಲ್ಲವೆ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ನಿವಾರಕ ಹನಿಗಳನ್ನು ಹಾಕಬೇಕು. ಸ್ಪಂಜ್ ಫಿಲ್ಟರ್, ಅದಕ್ಕೊಂದು ಏರ್ ಪಂಪ್ ಸಾಕು. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೇ ಇಡಬೇಕು. ಇಲ್ಲವಾದರೆ ಕರೆಂಟು ಹೋದಾಗ ಕೊಳವೆಯಲ್ಲಿ ನೀರು ಹಿಂದಕ್ಕೆ ಹರಿದು ಪಂಪಿಗೂ ನೆಲಕ್ಕೂ ಬರುತ್ತದೆ.

ಇನ್ನು ಕಠಿಣ ಭಾಗ. ಫಿಲ್ಟರ್ ಓಡುತ್ತಿರಬೇಕು, ದಿನಕ್ಕೊಂದು ಚಿಕ್ಕ ಚಿಟಿಕೆ ಮೀನಿನ ಆಹಾರ ಬೀಳುತ್ತಿರಬೇಕು, ಆದರೆ ಮೀನು ಇರಬಾರದು! ಆಹಾರ ಕೊಳೆತು ಬರುವ ಅಮೋನಿಯವೇ ಬ್ಯಾಕ್ಟೀರಿಯಗಳಿಗೆ ಊಟ. ನೀರು ಪರೀಕ್ಷಿಸುವ ಕಿಟ್‌ನಿಂದ ಎರಡು ದಿನಕ್ಕೊಮ್ಮೆ ಅಳೆದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಹೈಸ್ಕೂಲಿನ ವಿದ್ಯಾರ್ಥಿಗೆ ಒಳ್ಳೆಯ ನಕ್ಷೆ ಸಿಗುತ್ತದೆ: ಅಮೋನಿಯ ಏರಿ ಇಳಿಯುತ್ತದೆ, ಹಿಂದೆಯೇ ನೈಟ್ರೈಟ್ ಏರಿ ಇಳಿಯುತ್ತದೆ, ಕೊನೆಗೆ ನೈಟ್ರೇಟ್ ಕಾಣುತ್ತದೆ. ಮೊದಲೆರಡೂ ಸೊನ್ನೆಯಾದ ಮೇಲೆ ಮೀನು ತರಬಹುದು. ಖಾಲಿ ತೊಟ್ಟಿ ನೋಡುತ್ತ ಆರು ವಾರ ಕೂರುವುದು ಹತ್ತು ವರ್ಷದ ಹುಡುಗನಿಗೆ ಸುಲಭವಲ್ಲ, ಅಪ್ಪನಿಗೂ ಅಲ್ಲ. ಒಂದು ಒಳದಾರಿ ಇದೆ. ಆರೋಗ್ಯವಾದ ಹಳೆಯ ತೊಟ್ಟಿ ಇರುವ ಸ್ನೇಹಿತರಿಂದ ಬಳಸಿದ ಸ್ಪಂಜನ್ನು ಒದ್ದೆಯಾಗಿಯೇ ತಂದು ಹಾಕಿದರೆ ಬ್ಯಾಕ್ಟೀರಿಯ ಜೊತೆಯಲ್ಲೇ ಬರುತ್ತವೆ, ಕಾಯುವ ಕಾಲ ಬಹಳ ಕಡಿಮೆಯಾಗುತ್ತದೆ.

ಮೊದಲ ಮೀನಾಗಿ ಗಪ್ಪಿ ಅಥವಾ ಪ್ಲ್ಯಾಟಿ ಒಳ್ಳೆಯದು. ಕೊಳವೆಬಾವಿಯ ಗಡಸು ನೀರಿಗೂ ಇವು ಒಗ್ಗುತ್ತವೆ. ಆರಂಭಕ್ಕೆ ನಾಲ್ಕೈದು ಸಾಕು. ಗೋಲ್ಡ್‌ಫಿಷ್ ಮಾತ್ರ ಈ ತೊಟ್ಟಿಗೆ ಬೇಡ. ಅದು ಅಂಗೈ ಮೀರಿ ಬೆಳೆಯುವ, ಬಹಳ ಗಲೀಜು ಮಾಡುವ ಮೀನು. 1956ರಲ್ಲಿ ಇಂಗ್ಲೆಂಡಿನ ಜಾತ್ರೆಯೊಂದರಲ್ಲಿ ಬಹುಮಾನವಾಗಿ ಬಂದ ಟಿಶ್ ಎಂಬ ಗೋಲ್ಡ್‌ಫಿಷ್ ಸತ್ತದ್ದು 1999ರಲ್ಲಿ, 43ನೇ ವಯಸ್ಸಿನಲ್ಲಿ.

ಆಮೇಲಿನ ಆರೈಕೆ ಹೆಚ್ಚಿಲ್ಲ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ. ವಾರಕ್ಕೊಮ್ಮೆ ಕಾಲುಭಾಗ ನೀರು ತೆಗೆದು ಹೊಸದು ತುಂಬಬೇಕು; ಪೂರ್ತಿ ಚೆಲ್ಲಿ ತಿಕ್ಕಿ ತೊಳೆಯುವ ಅಮ್ಮನ ಕ್ರಮವೇ ಎಲ್ಲಕ್ಕಿಂತ ಅಪಾಯಕಾರಿ. ಸ್ಪಂಜನ್ನು ನಲ್ಲಿ ಕೆಳಗೆ ತೊಳೆದರೆ ಕ್ಲೋರಿನ್ ಬ್ಯಾಕ್ಟೀರಿಯವನ್ನು ಕೊಲ್ಲುತ್ತದೆ, ಮತ್ತೆ ಮೊದಲ ದಿನದ ಪಾಡು. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದನ್ನು ಹಿಂಡಬೇಕು. ಸೋಪಂತೂ ಹತ್ತಿರವೂ ಸುಳಿಯಬಾರದು.

ಗಪ್ಪಿಗಳು ತಿಂಗಳಿಗೊಮ್ಮೆ ಮರಿ ಹಾಕುತ್ತವೆ, ತೊಟ್ಟಿ ಬೇಗ ತುಂಬಿಹೋಗುತ್ತದೆ. ಹೆಚ್ಚಾದದ್ದನ್ನು ಹತ್ತಿರದ ಕೆರೆಗೆ ಬಿಡೋಣ ಎಂದು ಮಕ್ಕಳು ಕರುಣೆಯಿಂದಲೇ ಹೇಳುತ್ತಾರೆ. ಅದು ಕೂಡದು. ಗಾಜಿಗೆ ಬಾಯಿ ಅಂಟಿಸಿ ಪಾಚಿ ತಿನ್ನುವ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಹೀಗೆ ಹೊರಬಿದ್ದು ಈಗ ನಮ್ಮ ಕೆರೆಗಳಲ್ಲಿ ಮೀನುಗಾರರ ಬಲೆ ಹರಿಯುತ್ತಿದೆ. ಹೆಚ್ಚಾದ ಮರಿಗಳನ್ನು ಅಂಗಡಿಗೆ ಹಿಂತಿರುಗಿಸಬಹುದು, ಇಲ್ಲವೆ ತೊಟ್ಟಿ ಸಿದ್ಧ ಮಾಡಿಟ್ಟುಕೊಂಡ ಇನ್ನೊಬ್ಬ ಗೆಳೆಯನಿಗೆ ಕೊಡಬಹುದು, ಜೊತೆಗೆ ಹಳೆಯ ಸ್ಪಂಜಿನ ಒಂದು ತುಂಡನ್ನೂ.